ಟೀಚರಲ್ಲಿ ಕೇಳಿ: ಲಾಸಾಕ್ಕೆ ಹೋದ ಇಬ್ಬರು ಸೊಸೆಯರು

ಹಿಂದಿನ ಸಂಚಿಕೆಯಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಇಮ್ಮಡಿ ಪುಲಿಕೇಶಿಯ ನಾಡಿಗೆ ಬಂದದ್ದರ ಬಗ್ಗೆ ಬರೆಯುತ್ತ, ಸುಮಾರು ಅದೇ ಹೊತ್ತಿಗೆ, ಅಂದರೆ 641ರಲ್ಲಿ, ಚೀನಾದ ರಾಜಕುಮಾರಿಯೊಬ್ಬಳು ಮದುವಣಗಿತ್ತಿಯಾಗಿ ಟಿಬೆಟ್ಟಿನ ಹಾದಿಯಲ್ಲಿದ್ದಳು ಎಂದು ಒಂದು ಸಾಲು ಸೇರಿಸಿದ್ದೆ. ಪುಲಿಕೇಶಿಯ ವಿಚಾರ ಒಬ್ಬರೂ ಕೇಳಲಿಲ್ಲ. ಬಂದ ಕಾಗದಗಳೆಲ್ಲ ಆ ಹುಡುಗಿಯ ಬಗ್ಗೆಯೇ. ಮದುವೆ ಸುದ್ದಿ ಎಂದರೆ ನಮ್ಮ ಉಡುಪಿ ಕಡೆಯವರಿಗೆ ಕಿವಿ ಎರಡಲ್ಲ, ನಾಲ್ಕು. ಇರಲಿ, ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಟೀಚರೇ, ಬೈಲಕುಪ್ಪೆಯ ಚಿನ್ನದ ದೇವಸ್ಥಾನಕ್ಕೆ ಹೋದಾಗ ಅಲ್ಲಿನ ಲಾಮಾ ಒಬ್ಬರು ಆ ಚೀನಾ ರಾಣಿ ಸಾಕ್ಷಾತ್ ತಾರಾದೇವಿಯ ಅವತಾರ ಎಂದರು. ನನ್ನ ಮೊಮ್ಮಗ ಮೊಬೈಲಿನಲ್ಲಿ ನೋಡಿ, ಟಿಬೆಟ್ಟಿಗೆ ಬಾರ್ಲಿ, ರೇಷ್ಮೆ, ಕಾಗದ, ಅಕ್ಷರ ಎಲ್ಲ ಕೊಂಡುಹೋದವಳೇ ಅವಳು ಎನ್ನುತ್ತಾನೆ. ಅವಳು ಚಕ್ರವರ್ತಿಯ ಸ್ವಂತ ಮಗಳೇ? (ಮೂಡುಬಿದಿರೆಯ ಓದುಗರು)

ಉತ್ತರ: ಸ್ವಂತ ಮಗಳಲ್ಲ. ಆಗ ಚೀನಾವನ್ನು ಆಳುತ್ತಿದ್ದ ಟಾಂಗ್ ವಂಶದ ಚರಿತ್ರೆಗಳು ಆ ವೆನ್‌ಚೆಂಗ್‌ಳನ್ನು ರಾಜವಂಶಕ್ಕೆ ಸೇರಿದ ಹುಡುಗಿ ಎಂದಷ್ಟೇ ಹೇಳುತ್ತವೆ. ಅಪ್ಪ ಯಾರು, ಅಮ್ಮ ಯಾರು, ತೊಟ್ಟಿಲಲ್ಲಿ ಇಟ್ಟ ಹೆಸರೇನು, ಒಂದನ್ನೂ ಬರೆದಿಲ್ಲ. ವೆನ್‌ಚೆಂಗ್ ಎಂಬುದು ಕೊಟ್ಟ ಬಿರುದು. ದಿಬ್ಬಣದ ಜೊತೆ ಹೋದವನು ಚಕ್ರವರ್ತಿ ತೈಜೊಂಗನ ದಾಯಾದಿ ಲಿ ದಾವೊಜೊಂಗ್. ಅವನೇ ಅಪ್ಪ ಇರಬೇಕು ಎಂದು ಕೆಲವರು ಊಹಿಸುವುದು ಅದಕ್ಕೇ.

ಚೀನಾದ ಅರಸರಿಗೆ ಇದು ಹಳೆಯ ಉಪಾಯ. ಕ್ರಿ.ಪೂ. 2ನೇ ಶತಮಾನದ ಆರಂಭದಲ್ಲಿ ಹಾನ್ ವಂಶದ ಮೊದಲ ಚಕ್ರವರ್ತಿ ಉತ್ತರದ ಶಿಯೊಂಗ್ನು ಕುದುರೆ ಸವಾರರ ಕೈಯಲ್ಲಿ ಸಿಕ್ಕಿಬಿದ್ದು ಹೇಗೋ ಪಾರಾದ ಮೇಲೆ, ಮಗಳನ್ನೇ ಅವರ ದೊರೆಗೆ ಕೊಟ್ಟುಬಿಡಿ ಎಂದು ಮಂತ್ರಿಯೊಬ್ಬ ಸಲಹೆ ಮಾಡಿದ. ಇರುವವಳು ಒಬ್ಬಳೇ ಮಗಳು ಎಂದು ರಾಣಿ ಹಗಲೂ ರಾತ್ರಿ ಅತ್ತಳು. ಕೊನೆಗೆ ಬೇರೆ ಯಾರದೋ ಹುಡುಗಿಗೆ ರಾಜಕುಮಾರಿ ಪಟ್ಟ ಕಟ್ಟಿ ಕಳಿಸಿದರು. ಆಮೇಲೆ ನೂರಾರು ವರ್ಷ ಅದೇ ರೂಢಿ. ಗಡಿಯಾಚೆ ಹೋಗಬೇಕಾದಾಗ ದಾಯಾದಿಗಳ ಮನೆಯ ಹುಡುಗಿಯರ ನೆನಪಾಗುತ್ತಿತ್ತು.

ಇನ್ನು ಕೊಂಡುಹೋದ ಸಾಮಾನಿನ ಲೆಕ್ಕ. ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ ಬಾರ್ಲಿ ಸುಮಾರು 3,600 ವರ್ಷಗಳ ಹಿಂದೆಯೇ ಇತ್ತು, ಉತ್ಖನನದಲ್ಲಿ ಸಿಕ್ಕಿದೆ. ಅಕ್ಷರ ಬಂದದ್ದು ನಮ್ಮ ಕಡೆಯಿಂದ, ಬ್ರಾಹ್ಮಿಯ ಮನೆತನದ್ದು. ಬೈಲಕುಪ್ಪೆಯ ಶಾಲೆಯ ಕಿಟಕಿಯ ಹತ್ತಿರ ನಿಂತು ಕೇಳಿದರೆ ಮಕ್ಕಳು ಕ, ಖ, ಗ, ಙ ಎಂದೇ ಹೇಳುತ್ತಾರೆ. ರೇಷ್ಮೆಹುಳುವಿನ ಮೊಟ್ಟೆ, ಹೆಂಡ ತಯಾರಿಸುವವರು, ಬೀಸುವ ಕಲ್ಲು ಮಾಡುವವರು, ಕಾಗದ ಮತ್ತು ಮಸಿಯ ಕುಶಲಕರ್ಮಿಗಳು, ಇವರನ್ನೆಲ್ಲ ಕಳಿಸಿಕೊಡಿ ಎಂದು ಟಿಬೆಟ್ಟಿನ ದೊರೆ ಕೇಳಿದ್ದು ನಿಜ. ಕೇಳಿದ್ದು 649ರಲ್ಲಿ ತೈಜೊಂಗ್ ತೀರಿಕೊಂಡು ಮಗ ಪಟ್ಟಕ್ಕೆ ಬಂದ ಮೇಲೆ. ಮದುವೆಯಾಗಿ ಆಗಲೇ ಎಂಟು ವರ್ಷ. ಅಂದರೆ ಅದು ದೊರೆಯ ಬೇಡಿಕೆ, ಮದುಮಗಳ ಪೆಟ್ಟಿಗೆಯ ಸರಕಲ್ಲ.

ಅವಳ ಜೊತೆ ಹೋಯಿತು ಎಂದು ಟಿಬೆಟಿಯನ್ನರು ಎಲ್ಲಕ್ಕಿಂತ ಹೆಚ್ಚಾಗಿ ನಂಬುವುದು ಒಂದು ಬುದ್ಧನ ಮೂರ್ತಿ: ಜೊವೊ. ಅದು ಮೂಲದಲ್ಲಿ ಭಾರತದಿಂದ ಚೀನಾಕ್ಕೆ ಹೋದದ್ದು ಎಂಬುದು ಅವರ ಪರಂಪರೆಯ ಮಾತು. ಅದಕ್ಕಾಗಿ ಅವಳು ಕಟ್ಟಿಸಿದ್ದು ಲಾಸಾದ ರಾಮೊಚೆ ಗುಡಿ. ನೇಪಾಳದಿಂದ ಬಂದ ಇನ್ನೊಬ್ಬ ರಾಣಿ ಭೃಕುಟಿ ಕಟ್ಟಿಸಿದ್ದು ಜೊಖಾಂಗ್. ಇಬ್ಬರನ್ನೂ ತಾರೆಯರೆಂದೇ ಪೂಜಿಸುತ್ತಾರೆ. ನಿಮ್ಮ ಲಾಮಾ ಹೇಳಿದ್ದು ಸರಿ. ಮೊಮ್ಮಗನಿಗೆ ಮಾತ್ರ ಸ್ವಲ್ಪ ಪುಸ್ತಕ ತೆಗೆಸಿಕೊಡಿ.

ಪ್ರಶ್ನೆ: ಮೊದಲು ಹೆಣ್ಣು ಕೊಡುವುದಿಲ್ಲ ಎಂದ ಚಕ್ರವರ್ತಿ ಆಮೇಲೆ ಒಪ್ಪಿದ್ದೇಕೆ? ಯುದ್ಧದಲ್ಲಿ ಗೆದ್ದದ್ದು ಯಾರು? (ಮಣಿಪಾಲದ ವಿದ್ಯಾರ್ಥಿ)

ಉತ್ತರ: ಟಿಬೆಟ್ಟಿನ ದೊರೆ ಸೊಂಗ್‌ಸೆನ್ ಗಂಪೊ 634ರಲ್ಲಿ ಚಾಂಗಾನಿಗೆ, ಅಂದರೆ ಈಗಿನ ಶಿಯಾನ್ ನಗರಕ್ಕೆ, ದೂತರನ್ನು ಕಳಿಸಿದ. ತುರ್ಕರಿಗೆ, ಚಿಂಗ್‌ಹಾಯ್ ಸರೋವರದ ಸುತ್ತಲಿನ ತುಯುಹುನ್ ದೊರೆಗೆ ಟಾಂಗ್ ರಾಜಕುಮಾರಿಯರ ಸಂಬಂಧ ಉಂಟೆಂದು ಗೊತ್ತಾದಾಗ ಇವನಿಗೂ ಬೇಕೆನಿಸಿತು. ಕೇಳಿದ. ಚಕ್ರವರ್ತಿ ಒಪ್ಪಲಿಲ್ಲ. ಬರಿಗೈಯಲ್ಲಿ ಬಂದ ದೂತ ತನ್ನ ತಲೆ ಉಳಿಸಿಕೊಳ್ಳಲು, "ಎಲ್ಲ ಸರಿಯಾಗಿತ್ತು ಒಡೆಯಾ, ತುಯುಹುನ್ ದೊರೆ ಬಂದು ಚಾಡಿ ಹೇಳಿ ಕೆಡಿಸಿದ" ಎಂದು ವರದಿ ಮಾಡಿದನಂತೆ. ಸಂಬಂಧ ಮುರಿದಾಗ ಮೂರನೆಯವರ ಮೇಲೆ ಹಾಕುವ ಈ ಕಲೆ ಎಷ್ಟು ಹಳೆಯದು ನೋಡಿ.

ದೊರೆ ತುಯುಹುನ್‌ರ ಮೇಲೆ ಏರಿಹೋದ. ಅಲ್ಲಿಂದ 638ರಲ್ಲಿ ಟಾಂಗ್ ಗಡಿಯ ಸೊಂಗ್‌ಝೌ ಊರಿನ ಪಕ್ಕ ಡೇರೆ ಹಾಕಿದ. ಎರಡು ಲಕ್ಷ ಸೈನ್ಯ ಎಂದು ಅವನ ಕಡೆಯ ಜಂಬ. ಕೈಯಲ್ಲಿ ಬಂಗಾರ ಹಿಡಿದ ದೂತರು ಬಂದು, ರಾಜಕುಮಾರಿಯನ್ನು ಕರೆದೊಯ್ಯಲು ಬಂದಿದ್ದೇವೆ, ಕೊಡದಿದ್ದರೆ ಒಳಗೆ ನುಗ್ಗುತ್ತೇವೆ ಎಂದರು. ಟಾಂಗ್ ಸೇನೆಯ ಮುಂದಿನ ಪಡೆ ಒಂದು ರಾತ್ರಿ ಶಿಬಿರದ ಮೇಲೆ ಬಿದ್ದು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ದೊರೆ ಹಿಂದೆ ಸರಿದ, ತಪ್ಪಾಯಿತು ಎಂದು ಹೇಳಿಕಳಿಸಿದ, ಅದೇ ಉಸಿರಿನಲ್ಲಿ ಪುನಃ ಹೆಣ್ಣು ಕೇಳಿದ. ಈ ಸಲ ಚಕ್ರವರ್ತಿ ಒಪ್ಪಿದ.

ಹಾಗಾದರೆ ಗೆದ್ದದ್ದು ಯಾರು? ಚೀನಾದ ಪುಸ್ತಕ ಕೇಳಿದರೆ ಚೀನಾ, ಟಿಬೆಟ್ಟಿನ ಕಥೆ ಕೇಳಿದರೆ ಟಿಬೆಟ್. ನನ್ನ ಲೆಕ್ಕ ಸರಳ. ಯುದ್ಧಕ್ಕೆ ಮೊದಲು "ಇಲ್ಲ" ಎಂದವರು ಯುದ್ಧದ ಮೇಲೆ "ಆಯಿತು" ಎಂದರೆ ಅದರಲ್ಲೇ ಉತ್ತರ ಉಂಟು. ತೈಜೊಂಗನಿಗೆ ಪಶ್ಚಿಮದ ಮರುಭೂಮಿಯ ಹಾದಿಯಲ್ಲಿ ಬೇರೆ ಕೆಲಸ ಬೇಕಾದಷ್ಟಿತ್ತು, ಬೆನ್ನ ಹಿಂದೆ ಇನ್ನೊಂದು ರಗಳೆ ಬೇಡವಾಗಿತ್ತು.

640ರಲ್ಲಿ ಮಂತ್ರಿ ಗರ್ ತೋಂಗ್‌ಸೆನ್ 5,000 ಲಿಯಾಂಗ್ ಬಂಗಾರ ಮತ್ತು ನೂರಾರು ಬೆಲೆಬಾಳುವ ವಸ್ತುಗಳೊಂದಿಗೆ ಚಾಂಗಾನಿಗೆ ಬಂದ. ಒಂದು ಲಿಯಾಂಗ್ ಸುಮಾರು 40 ಗ್ರಾಂ, ಒಟ್ಟು 200 ಕಿಲೋ. ನಮ್ಮ ಲೆಕ್ಕದಲ್ಲಿ 25,000 ಪವನು! ಕೊಟ್ಟದ್ದು ಗಂಡಿನ ಕಡೆಯವರು ಎಂಬುದನ್ನು ಮಂಗಳೂರಿನ ಕೆಲವು ಭಾವೀ ಅತ್ತೆ-ಮಾವಂದಿರು ಎರಡು ಸಲ ಓದಬೇಕೆಂದು ವಿನಂತಿ. ಆ ಗರ್ ಚಕ್ರವರ್ತಿಯ ಮುಂದೆ ನಿಂತ ಚಿತ್ರವನ್ನು ಆ ಕಾಲದ ಆಸ್ಥಾನ ಚಿತ್ರಕಾರ ಯಾನ್ ಲಿಬೆನ್ ಬರೆದ ಎನ್ನುತ್ತಾರೆ, ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ದಾಸಿಯರು ಹೊತ್ತ ಪೀಠದಲ್ಲಿ ಚಕ್ರವರ್ತಿ ಕುಳಿತಿದ್ದಾನೆ. ಎದುರಿಗೆ ಸಣಕಲು ದೇಹದ, ಹಣೆ ಸುಕ್ಕುಗಟ್ಟಿದ ಗರ್, ಉದ್ದ ಚಿತ್ತಾರದ ನಿಲುವಂಗಿಯಲ್ಲಿ ಕೈ ಜೋಡಿಸಿ ನಿಂತಿದ್ದಾನೆ. ಅವನ ಮುಖ ನೋಡಿದರೆ ಹೆಣ್ಣು ಕೇಳಲು ಬಂದ ಸೋದರಮಾವನ ಗಾಂಭೀರ್ಯವೇ. ಚಕ್ರವರ್ತಿಗೆ ಇವನು ಎಷ್ಟು ಹಿಡಿಸಿದನೆಂದರೆ ಇವನಿಗೂ ಒಂದು ಹೆಣ್ಣು ಕೊಡಲು ಹೊರಟ. ಊರಲ್ಲಿ ಹೆಂಡತಿ ಇದ್ದಾಳೆ, ದೊರೆಯೇ ಇನ್ನೂ ರಾಜಕುಮಾರಿಯ ಮುಖ ನೋಡಿಲ್ಲ, ನನಗೆಂತ ಅವಸರ ಎಂದು ಗರ್ ಬೇಡವೆಂದ. ಚಕ್ರವರ್ತಿ ಬಿಡಲಿಲ್ಲ.

ಪ್ರಶ್ನೆ: ಆ ಮಂತ್ರಿಗೆ ಚಕ್ರವರ್ತಿ ಪರೀಕ್ಷೆ ಇಟ್ಟಿದ್ದನಂತೆ. ನಿಜವೇ? ಮಕ್ಕಳಿಗೆ ಹೇಳಬೇಕು. (ಕಾಪುವಿನ ಅಂಗನವಾಡಿ ಟೀಚರ್)

ಉತ್ತರ: ನಿಜ ಚರಿತ್ರೆಯಲ್ಲಿ ಇಲ್ಲ, ಆದರೆ ಮಕ್ಕಳಿಗೆ ಧಾರಾಳವಾಗಿ ಹೇಳಿ. ಹಲವು ದೇಶದ ದೂತರು ಒಟ್ಟಿಗೇ ಹೆಣ್ಣು ಕೇಳಲು ಬಂದರಂತೆ. ಒಳಗೆ ಸುತ್ತಿಬಳಸಿ ತೂತಿದ್ದ ಒಂದು ಹರಳಿಗೆ ರೇಷ್ಮೆ ದಾರ ಪೋಣಿಸಬೇಕು. ಉಳಿದವರು ದಾರದ ತುದಿ ನೆಕ್ಕಿ ನೆಕ್ಕಿ ಸುಸ್ತಾದರು. ಗರ್ ಒಂದು ಇರುವೆಯ ಸೊಂಟಕ್ಕೆ ದಾರ ಕಟ್ಟಿ ಒಳಗೆ ಬಿಟ್ಟ. ನೂರು ಕುದುರೆಗಳ ನಡುವೆ ಯಾವ ಮರಿ ಯಾವ ತಾಯಿಯದು ಎಂದು ಹೇಳಬೇಕು. ಗರ್ ಮರಿಗಳನ್ನು ರಾತ್ರಿಯಿಡೀ ಬೇರೆ ಕಟ್ಟಿ ನೀರು ಕೊಡದೆ ಇಟ್ಟ, ಬೆಳಿಗ್ಗೆ ಬಿಟ್ಟ. ಒಂದೊಂದೂ ತನ್ನ ತನ್ನ ತಾಯಿಯ ಕೆಚ್ಚಲಿಗೆ ಓಡಿತು. ಎರಡೂ ತುದಿ ಒಂದೇ ದಪ್ಪಕ್ಕೆ ಕೆತ್ತಿದ ಮರದ ದಿಮ್ಮಿಯಲ್ಲಿ ಬುಡ ಯಾವುದು, ತುದಿ ಯಾವುದು? ನೀರಿಗೆ ಹಾಕಿದ, ಬುಡ ಭಾರವಾಗಿ ತಗ್ಗಿತು. ಕೊನೆಗೆ ಒಂದೇ ಥರ ಅಲಂಕರಿಸಿದ ನೂರಾರು ಹುಡುಗಿಯರ ಸಾಲಿನಲ್ಲಿ ರಾಜಕುಮಾರಿ ಯಾರು ಎಂದು ತೋರಿಸಬೇಕು. ಅದಕ್ಕೆ ಗರ್ ತಾನು ಉಳಿದುಕೊಂಡ ಮನೆಯ ಹೆಂಗಸನ್ನು ಕೇಳಿ ಗುರುತು ತಿಳಿದುಕೊಂಡಿದ್ದ. ಕಥೆಯಲ್ಲಿ ನನಗೆ ಇಷ್ಟವಾಗುವವಳು ಆ ಹೆಂಗಸು. ಅರಮನೆಯ ಒಳಗಿನ ಸುದ್ದಿ ಅವಳಿಗೆ ಗೊತ್ತಿತ್ತು, ಚಕ್ರವರ್ತಿಗೆ ಅವಳ ಸುದ್ದಿ ಗೊತ್ತಿರಲಿಲ್ಲ.

ಮಜಾ ಏನೆಂದರೆ ಹರಳು-ಇರುವೆ, ದಿಮ್ಮಿ-ನೀರು, ಈ ಎರಡೂ ಪಾಲಿಯ ಮಹಾಉಮ್ಮಗ್ಗ ಜಾತಕದಲ್ಲಿ, ಅಂದರೆ ಬುದ್ಧನ ಹಿಂದಿನ ಜನ್ಮದ ಕಥೆಯಲ್ಲಿ, ಮಹೋಸಧನೆಂಬ ಜಾಣ ಹುಡುಗನಿಗೆ ಇಟ್ಟ ಪರೀಕ್ಷೆಗಳು. ಕಥೆ ಬುದ್ಧನ ಹಿಂದೆಯೇ ಹಿಮಾಲಯ ದಾಟಿ, ಚೀನಾದ ಆಸ್ಥಾನದ ವೇಷ ಹಾಕಿಕೊಂಡು ಕುಳಿತಿದೆ.

ಪ್ರಶ್ನೆ: ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಯಾರಾದರೂ ಬರೆದಿದ್ದಾರೆಯೇ? ಒಮ್ಮೆಯಾದರೂ ತವರಿಗೆ ಬಂದಳೇ? (ಕುಂದಾಪುರದ ಓದುಗ ತಾಯಿ)

ಉತ್ತರ: ಬರಲಿಲ್ಲ ಅಮ್ಮ. 641ರಲ್ಲಿ ಹೋದವಳು 680ರಲ್ಲಿ ಅಲ್ಲೇ ತೀರಿಕೊಂಡಳು. ಚೀನಾದವರು ಮರಣಕ್ಕೆ ದುಃಖ ಹೇಳಲು ದೂತನನ್ನು ಕಳಿಸಿದರು. ನಡುವಿನ ಸುಮಾರು 40 ವರ್ಷಗಳಲ್ಲಿ ಅವಳ ಬಗ್ಗೆ ಬರೆದದ್ದನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ತುಂಬಿಸಬಹುದು. ಅಲ್ಲಿಯ ಜನ ಮುಖಕ್ಕೆ ಕೆಮ್ಮಣ್ಣು ಬಳಿದುಕೊಳ್ಳುವುದು ಅವಳಿಗೆ ಸೇರಲಿಲ್ಲ, ದೊರೆ ಅದನ್ನು ನಿಲ್ಲಿಸಲು ಆಜ್ಞೆ ಮಾಡಿದ ಎಂದು ಟಾಂಗ್ ಚರಿತ್ರೆ ಹೇಳುತ್ತದೆ. ಹೇಳುವುದು ತವರಿನ ಕಡೆಯ ಲೇಖನಿ ಎಂಬುದು ನೆನಪಿರಲಿ. ಚೀನಾದ ವಾಯವ್ಯದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ಹಳೆಯ ಟಿಬೆಟಿಯನ್ ವಾರ್ಷಿಕ ಬರಹದಲ್ಲಿ ದೊರೆ ಅವಳೊಡನೆ ಮೂರು ವರ್ಷ ಬಾಳಿದ ಎಂದಿದೆ. ದೊರೆ ಸತ್ತದ್ದು 649ರ ಸುಮಾರಿಗೆ. ಅದಕ್ಕೇ ಕೆಲವು ವಿದ್ವಾಂಸರು ಅವಳು ಮೊದಲು ದೊರೆಯ ಮಗನಿಗೆ ಮದುವೆಯಾಗಿ, ಅವನು ಸತ್ತ ಮೇಲೆ ತಂದೆಯ ಪಾಲಿಗೆ ಬಂದಳು ಎನ್ನುತ್ತಾರೆ. ಹೇಗೇ ಇರಲಿ, ಸುಮಾರು 30 ವರ್ಷ ಆಕೆ ವಿಧವೆ. ಅವಳ ಬಾಯಿಂದ ಬಂದ ಒಂದು ವಾಕ್ಯವೂ ಉಳಿದಿಲ್ಲ. ಪುರಾಣದಲ್ಲಿ ಮಾತ್ರ ಅವಳು ಸುಮ್ಮನೆ ಕೂರಲೇ ಇಲ್ಲ: ಗುಡಿಗೆ ಜಾಗ ತೋರಿಸಿದಳು, ರಾಕ್ಷಸಿಯ ಆಕಾರದಲ್ಲಿ ಮಲಗಿದ್ದ ನೆಲವನ್ನು ಪಳಗಿಸಿದಳು.

ಮನಸ್ಸಿನಲ್ಲಿ ಏನಿತ್ತು ಎಂದು ತಿಳಿಯಬೇಕಾದರೆ ನಾನು ನಿಮ್ಮನ್ನು 69 ವರ್ಷ ಮುಂದಕ್ಕೆ ಕರೆದೊಯ್ಯಬೇಕು. ಲಾಸಾಕ್ಕೆ ಇನ್ನೊಬ್ಬಳು ಹೋದಳು, ಹೆಸರು ಜಿನ್‌ಚೆಂಗ್. ಪ್ರವಾಸದ ಕರಪತ್ರಗಳಲ್ಲಿ ಅವಳಿಗೆ ಅರ್ಧ ಸಾಲು ಸಿಕ್ಕರೆ ಹೆಚ್ಚು. ನನ್ನನ್ನು ಕೇಳಿದರೆ ಇಬ್ಬರಲ್ಲಿ ಗಟ್ಟಿಗಿತ್ತಿ ಅವಳೇ.

ಟಿಬೆಟ್ಟಿನಲ್ಲಿ ಆಗ ರಾಜ್ಯಭಾರ ಅಜ್ಜಿ ತ್ರಿಮಾಲೊಳ ಕೈಯಲ್ಲಿ. ಮೊಮ್ಮಗ 704ರಲ್ಲಿ ಹುಟ್ಟಿದವನು. ಅವನಿಗೆ ಹೆಣ್ಣು ಬೇಕು ಎಂದು ಅಜ್ಜಿ ಹೇಳಿಕಳಿಸಿದಳು. ಚಕ್ರವರ್ತಿ ಝೊಂಗ್‌ಜೊಂಗ್ 707ರಲ್ಲಿ ಒಪ್ಪಿ, ತನ್ನ ಅಣ್ಣನ ಮೊಮ್ಮಗಳನ್ನು ಮಗಳೆಂದು ಸ್ವೀಕರಿಸಿ 710ರಲ್ಲಿ ಕಳಿಸಿದ. ಮದುಮಗನಿಗೆ ಆರು ವರ್ಷ. ಹೆಣ್ಣು ಕರೆದೊಯ್ಯಲು ಬಂದ ಟಿಬೆಟಿಯನ್ನರು ಚಾಂಗಾನಿನಲ್ಲಿ ಪೋಲೊ ಆಡಿ ಅರಮನೆಯ ಆಟಗಾರರನ್ನು ಸೋಲಿಸುತ್ತಲೇ ಹೋದರು. ಕೊನೆಗೆ ರಾಜಕುಟುಂಬದ ನಾಲ್ವರು ಹತ್ತು ಮಂದಿಗೆ ಎದುರಾಗಿ ಗೆದ್ದು ಮರ್ಯಾದೆ ಉಳಿಸಿದರು. ಆ ನಾಲ್ವರಲ್ಲಿ ಒಬ್ಬ ಮುಂದೆ ಚಕ್ರವರ್ತಿಯಾದ ಶ್ವಾನ್‌ಜೊಂಗ್.

ದಿಬ್ಬಣದ ಯಜಮಾನಿಕೆಗೆ ಮಾತ್ರ ಜನ ಸಿಗಲಿಲ್ಲ. ಒಬ್ಬ ಮಂತ್ರಿ ನನಗೆ ಗಡಿಯ ವಿಷಯ ಗೊತ್ತಿಲ್ಲ ಎಂದು ಜಾರಿಕೊಂಡ. ಇನ್ನೊಬ್ಬ ಚಕ್ರವರ್ತಿಯ ಮಗಳ ಕಡೆಯಿಂದ ಶಿಫಾರಸು ಹಿಡಿಸಿ ತಪ್ಪಿಸಿಕೊಂಡ. ಕೊನೆಗೆ ಯಾಂಗ್ ಜು ಎಂಬ ಸೇನಾಪತಿ ಹೋದ. ಚಕ್ರವರ್ತಿ ಸ್ವಲ್ಪ ದೂರ ತಾನೇ ಬಂದು, ಬಿಡಾರ ಹಾಕಿ, ಊಟ ಹಾಕಿಸಿ, ಹುಡುಗಿ ಇನ್ನೂ ಚಿಕ್ಕವಳು ಎಂದು ಎಲ್ಲರೆದುರು ಅತ್ತ. ಆ ಊರಿಗೆ ಜಿನ್‌ಚೆಂಗ್ ಎಂದು ಹೆಸರಿಟ್ಟ, ಅಲ್ಲಿನ ಜನರಿಗೆ ಒಂದು ವರ್ಷದ ತೆರಿಗೆ ಬಿಟ್ಟ. ಅತ್ತದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಕಳಿಸಿದ.

ಆ ಯಾಂಗ್ ಜು ಟಿಬೆಟಿಯನ್ನರ ಲಂಚ ತಿಂದು, ಹಳದಿ ನದಿ ಒಂಬತ್ತು ತಿರುವು ತಿರುಗುವ ಪ್ರದೇಶವನ್ನು ರಾಜಕುಮಾರಿಯ ಬಳುವಳಿಯಾಗಿ ಬರೆಸಿಕೊಟ್ಟ. ಸೊಂಪಾದ ಹುಲ್ಲುಗಾವಲು, ಕುದುರೆ ಮೇಯಿಸಲು, ದಂಡು ಇಳಿಸಲು ಹೇಳಿಮಾಡಿಸಿದ ಜಾಗ. 714ರಲ್ಲಿ ಟಿಬೆಟ್ಟಿನ ದಂಡು ಅಲ್ಲಿಂದಲೇ ಚೀನಾದೊಳಗೆ ಬಂತು.

ಎರಡೂ ಕಡೆಯ ಯುದ್ಧದ ನಡುವೆ ಜಿನ್‌ಚೆಂಗ್ ಒಬ್ಬಳೇ. 723ರಲ್ಲಿ ಅವಳು ಗುಟ್ಟಾಗಿ ಇಬ್ಬರು ಚೀನೀಯರನ್ನು ಕಾಶ್ಮೀರದ ರಾಜನ ಬಳಿಗೆ ಕಳಿಸಿ, ತಪ್ಪಿಸಿಕೊಂಡು ನಿಮ್ಮಲ್ಲಿಗೆ ಬರುತ್ತೇನೆ, ಆಶ್ರಯ ಕೊಡುತ್ತೀರಾ ಎಂದು ಕೇಳಿಸಿದಳು. ಬನ್ನಿ ಎಂದ ಕಾಶ್ಮೀರದವನು, ಟಿಬೆಟಿಯನ್ನರು ಬೆನ್ನಟ್ಟಿ ಬಂದರೆ ತನ್ನ ಸೈನ್ಯ ಸಾಲದೆಂದು ಅಫ್ಘಾನಿಸ್ತಾನದ ಕಡೆಯ ಜಾಬುಲಿಸ್ತಾನದ ದೊರೆಯ ನೆರವು ಕೇಳಿದ. ಆ ದೊರೆ ಚಕ್ರವರ್ತಿಗೆ ತಿಳಿಸಿದ್ದರಿಂದ ವಿಷಯ ಚೀನಾದ ದಾಖಲೆಗೆ ಹತ್ತಿತು. ಅವಳು ಹೋಗಲಿಲ್ಲ. ಆಗ ಲಾಸಾದಲ್ಲಿ ಅವಳಿಗೆ 13 ವರ್ಷ ಕಳೆದಿತ್ತು. ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದಿರಲ್ಲ, ಅದು ಇಲ್ಲಿ ಕಾಣುತ್ತದೆ.

ಹೋಗದೆ ಉಳಿದವಳು ಕೆಲಸಕ್ಕೆ ಕೈಹಾಕಿದಳು. ಗಡಿಯಲ್ಲಿ ಹೊಡೆದಾಟ ನಿಲ್ಲಿಸಿ ಎಂದು ಚಾಂಗಾನಿಗೆ ಬರೆದಳು, 730ರ ಹೊತ್ತಿಗೆ ರಾಜಿಯಾಯಿತು. 731ರಲ್ಲಿ ಅವಳ ಹೆಸರಿನಲ್ಲಿ ಟಿಬೆಟ್ಟಿನ ದೂತರು ಪುಸ್ತಕ ಕೇಳಿದರು: ಹಳೆಯ ಹಾಡುಗಳ ಸಂಗ್ರಹ, ಆಚಾರ ವಿಧಿಗಳ ಗ್ರಂಥ, ಚರಿತ್ರೆಯ ಭಾಷ್ಯ, ಸಾಹಿತ್ಯ ಸಂಕಲನ. ಯು ಶಿಯುಲಿಯೆ ಎಂಬ ಅಧಿಕಾರಿ ಗಾಬರಿ ಬಿದ್ದು ಚಕ್ರವರ್ತಿಗೆ ಅರ್ಜಿ ಬರೆದ. ಈ ಪುಸ್ತಕಗಳಲ್ಲಿ ಯುದ್ಧದ ತಂತ್ರ ಉಂಟು, ಮೋಸದ ಉಪಾಯ ಉಂಟು, ಶತ್ರುವಿನ ಕೈಗೆ ಕೊಡುವುದು ಆಯುಧ ಕೊಟ್ಟಂತೆ ಎಂಬುದು ಅವನ ವಾದ. ಅವುಗಳಲ್ಲಿ ನಿಷ್ಠೆ, ನಂಬಿಕೆ, ಮರ್ಯಾದೆಯ ಮಾತೂ ಉಂಟಲ್ಲ ಎಂದು ಮಂತ್ರಿ ಉತ್ತರಿಸಿದ. ಪುಸ್ತಕ ಹೋಯಿತು. ಲೈಬ್ರರಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮಕ್ಕಳಿಗೆ ಪುಸ್ತಕ ಕೊಡದವರನ್ನು ನಮ್ಮ ಶಾಲೆಗಳಲ್ಲೂ ಕಂಡಿದ್ದೇನೆ, ಯು ಶಿಯುಲಿಯೆ ನನಗೆ ಹೊಸಬನಲ್ಲ.

ಮಧ್ಯ ಏಷ್ಯಾದ ಖೋತಾನಿನಿಂದ ಓಡಿಬಂದ ಬೌದ್ಧ ಭಿಕ್ಷುಗಳಿಗೆ ಆಶ್ರಯ ಕೊಟ್ಟವಳೂ ಇವಳೇ ಎಂದು ಟಿಬೆಟ್ಟಿನ ಪರಂಪರೆ ನೆನೆಯುತ್ತದೆ. ಎಲ್ಲೋ ಗೋಡೆಯೊಳಗೆ ಅಡಗಿಸಿಟ್ಟಿದ್ದ ಆ ಜೊವೊ ಮೂರ್ತಿಯನ್ನು ಹುಡುಕಿಸಿ ಜೊಖಾಂಗಿನಲ್ಲಿ ನಿಲ್ಲಿಸಿದವಳೂ ಇವಳೇ. 739ರಲ್ಲಿ ತೀರಿಕೊಂಡಳು, ಸಿಡುಬು ಎನ್ನುತ್ತಾರೆ.

ಅವಳ ಬಗ್ಗೆ ಒಂದು ಚಂದದ ಕಥೆ ಉಂಟು. ಅವಳು ಹೆತ್ತ ಮಗುವನ್ನು ಸವತಿ ಕದ್ದು ನನ್ನದು ಎಂದಳಂತೆ. ಮಗು ನಡೆಯಲು ಕಲಿತ ದಿನದ ಔತಣದಲ್ಲಿ ಅಪ್ಪ ಹೆಂಡ ತುಂಬಿದ ಚಿನ್ನದ ಬಟ್ಟಲನ್ನು ಮಗುವಿನ ಕೈಗೆ ಕೊಟ್ಟು, ನಿನ್ನ ಸೋದರಮಾವನಿಗೆ ಕೊಡು ಎಂದ. ಸವತಿಯ ಅಣ್ಣತಮ್ಮಂದಿರು ಸಾಲಾಗಿ ಕೂತು ಕೈ ಚಾಚಿ ಕರೆದರು. ಮಗು ತಪ್ಪುಹೆಜ್ಜೆ ಇಡುತ್ತ ಅವರನ್ನೆಲ್ಲ ದಾಟಿ ಚೀನಾದವನ ಕೈಗೆ ಬಟ್ಟಲು ಇಟ್ಟು, ನನ್ನ ಮಾವ ಇವನು ಎಂದಿತು. ಆ ಮಗುವೇ ದೊಡ್ಡ ದೊರೆ ತ್ರಿಸೊಂಗ್ ದೇತ್ಸೆನ್. ಆದರೆ ತ್ರಿಸೊಂಗ್ ಹುಟ್ಟಿದ್ದು 742ರಲ್ಲಿ, ಜಿನ್‌ಚೆಂಗ್ ಸತ್ತು ಮೂರು ವರ್ಷದ ಮೇಲೆ. ಇಸವಿ ಎಂಬುದು ಕೆಲವೊಮ್ಮೆ ಬಹಳ ನಿರ್ದಯಿ.

ಪ್ರಶ್ನೆ: ಹೆಣ್ಣು ಕೊಟ್ಟೂ ಯುದ್ಧ ನಿಲ್ಲಲಿಲ್ಲ ಎಂದ ಮೇಲೆ ಇದರಿಂದ ಬಂದ ಲಾಭ ಏನು? (ಸುರತ್ಕಲ್ಲಿನ ನಿವೃತ್ತ ಬ್ಯಾಂಕ್ ಅಧಿಕಾರಿ)

ಉತ್ತರ: ಲಾಭ-ನಷ್ಟದ ತಖ್ತೆ ಕೇಳುತ್ತೀರಿ, ಅಭ್ಯಾಸ ಬಲ. ಮೊದಲ ಮದುವೆಯ ಮೇಲೆ 20 ವರ್ಷ ಗಡಿ ತಣ್ಣಗಿತ್ತು. 648ರಲ್ಲಿ ಉಪಯೋಗಕ್ಕೂ ಬಂತು. ಹರ್ಷವರ್ಧನ ಸತ್ತು ಕನೌಜಿನಲ್ಲಿ ಗೊಂದಲವಿದ್ದಾಗ ಅವನ ಗಾದಿ ಹಿಡಿದವನು ಚೀನಾದ ರಾಯಭಾರಿ ವಾಂಗ್ ಶ್ವಾನ್‌ಚೆಯ ತಂಡವನ್ನು ದೋಚಿದ. ವಾಂಗ್ ಓಡಿದ್ದು ಚೀನಾಕ್ಕಲ್ಲ, ಹತ್ತಿರದ ಬೀಗರ ಮನೆಗೆ. ಸೊಂಗ್‌ಸೆನ್ 1,200 ಟಿಬೆಟಿಯನ್ ಯೋಧರನ್ನು ಕೊಟ್ಟ, ನೇಪಾಳ 7,000 ಸವಾರರನ್ನು ಕೊಟ್ಟಿತು. ವಾಂಗ್ ಹಿಂದೆ ಬಂದು ಆ ಅರಸನನ್ನು ಸೆರೆಹಿಡಿದು ಚಾಂಗಾನಿಗೆ ಒಯ್ದ. ತೈಜೊಂಗನ ಸಮಾಧಿಯ ಮುಂದೆ ನಿಲ್ಲಿಸಿದ 14 ಪರದೇಶಿ ದೊರೆಗಳ ಕಲ್ಲಿನ ಮೂರ್ತಿಗಳಲ್ಲಿ ಆ ಸೆರೆಯಾಳೂ ಇದ್ದ, ಟಿಬೆಟ್ಟಿನ ಅಳಿಯನೂ ಇದ್ದ.

ಖರ್ಚಿನ ಕಡೆ ಬನ್ನಿ. ಹೆಣ್ಣು ಕೇಳಲು ಬಂದಿದ್ದ ಅದೇ ಗರ್ 663ರಲ್ಲಿ ತುಯುಹುನ್ ರಾಜ್ಯವನ್ನು ನುಂಗಿದ. 670ರಲ್ಲಿ ಅವನ ಮಗ ದಾಫೈ ನದಿಯ ಬಯಲಲ್ಲಿ ಟಾಂಗ್ ಸೇನಾಪತಿ ಶುಯೆ ರೆನ್‌ಗುಯಿಯನ್ನು ಮಣ್ಣು ಮುಕ್ಕಿಸಿದ. ವೆನ್‌ಚೆಂಗ್ ಆಗ ಲಾಸಾದಲ್ಲಿ ಬದುಕಿದ್ದಳು. ಗೆದ್ದ ಸುದ್ದಿ ಅವಳಿಗೆ ಹೇಗೆ ಕೇಳಿಸಿತೋ. 763ರಲ್ಲಿ ಟಿಬೆಟ್ಟಿನ ಸೇನೆ ಚಾಂಗಾನನ್ನೇ ಹಿಡಿದು ಸುಮಾರು 15 ದಿನ ಕುಳಿತಿತು. ಚಕ್ರವರ್ತಿ ಓಡಿಹೋಗಿದ್ದ. ಖಾಲಿ ಸಿಂಹಾಸನದ ಮೇಲೆ ಅವರು ಕೂರಿಸಿದ್ದು ಲಿ ಚೆಂಗ್‌ಹೊಂಗ್ ಎಂಬವನನ್ನು. ಯಾರು ಗೊತ್ತೇ? ಜಿನ್‌ಚೆಂಗ್‌ಳ ತಂದೆ ಲಿ ಶೌಲಿಯ ಮಗ. ಹೆಂಡತಿಯ ತವರಿನವನು! ನೆಂಟಸ್ತಿಕೆ ಸತ್ತಿರಲಿಲ್ಲ, ಹಿಡಿಕೆ ತಿರುಗಿತ್ತು.

ಕೊನೆಗೆ 821-822ರಲ್ಲಿ ಎರಡೂ ರಾಜಧಾನಿಗಳಲ್ಲಿ ಪ್ರಮಾಣ ಮಾಡಿ ಒಪ್ಪಂದವಾಯಿತು. 823ರಲ್ಲಿ ಅದನ್ನು ಎರಡೂ ಭಾಷೆಯಲ್ಲಿ ಕಂಬದ ಮೇಲೆ ಕೆತ್ತಿ ಜೊಖಾಂಗಿನ ಎದುರು ನಿಲ್ಲಿಸಿದರು, ಇಂದಿಗೂ ನಿಂತಿದೆ. ಇಬ್ಬರು ರಾಜಕುಮಾರಿಯರ ಮದುವೆಯೂ ಅದರಲ್ಲಿ ಬರುತ್ತದೆ. ಎರಡು ದೊರೆಗಳೂ ಮಾವ-ಅಳಿಯ. ಟಿಬೆಟಿಯನ್ನರು ಟಿಬೆಟ್ಟಿನಲ್ಲಿ ಸುಖವಾಗಿರಲಿ, ಚೀನೀಯರು ಚೀನಾದಲ್ಲಿ ಸುಖವಾಗಿರಲಿ ಎಂಬುದು ಒಕ್ಕಣೆ. ಮಾವ-ಅಳಿಯ ಎಂದರೆ ಯಾರ ಕೈ ಮೇಲೆ ಎಂಬುದು ಅಳಿಯಕಟ್ಟಿನಲ್ಲಿ ಬೆಳೆದ ತುಳುನಾಡಿನವರಿಗೆ ಹೇಳಿಕೊಡಬೇಕೇ? ಯಜಮಾನಿಕೆ ಮಾವನದು, ಆದರೆ ಕಣ್ಣೆಲ್ಲ ಅಳಿಯನ ಮೇಲೆ.

ಪ್ರಶ್ನೆ: ಟಿಬೆಟ್ಟಿನವರು ತಾವು ಹೆಣ್ಣು ಕೊಟ್ಟದ್ದುಂಟೇ? (ಕಾರ್ಕಳ)

ಉತ್ತರ: ಉಂಟು. ಸೊಂಗ್‌ಸೆನ್ ತನ್ನ ತಂಗಿ ಸೆಮರ್‌ಕರ್‌ಳನ್ನು ಶಾಂಗ್‌ಶುಂಗ್ ದೊರೆಗೆ ಕೊಟ್ಟಿದ್ದ. ನಮ್ಮವರು ಯಾತ್ರೆ ಹೋಗುವ ಕೈಲಾಸ-ಮಾನಸ ಸರೋವರದ ಸೀಮೆ ಅದು. ಅವಳು ಅಲ್ಲಿ ಸುಖವಾಗಿರಲಿಲ್ಲ. ಅಣ್ಣನ ದೂತ ಬಂದಾಗ ಹಾಡಿನಲ್ಲೇ ದೂರು ಹೇಳಿದಳು, ಆ ಹಾಡು ದುನ್‌ಹುವಾಂಗಿನ ಕಾಗದಗಳಲ್ಲಿ ಉಳಿದಿದೆ. ಹೊರಗಿನವರು ಕೋಟೆ ಚಂದ ಎನ್ನುತ್ತಾರೆ, ಒಳಗೆ ನೋಡಿದರೆ ಬಂಜರು. ತಿನ್ನಲು ಸಿಗುವುದು ಮೀನು ಮತ್ತು ಗೋಧಿ, ಅಗಿದರೆ ಕಹಿ. (ಮೀನು ಸಿಗುತ್ತದೆ ಎಂದು ಅಳುವ ಮದುಮಗಳನ್ನು ಮಲ್ಪೆಯಲ್ಲಿ ಯಾರೂ ನಂಬುವುದಿಲ್ಲ, ಬಿಡಿ.) ಅಣ್ಣನಿಗೆ ಕಾಗದ ಬರೆಯಲಿಲ್ಲ, ಮುದ್ರೆ ಒತ್ತಿದ ಒಂದು ಕಟ್ಟು ಕಳಿಸಿದಳು. ಬಿಚ್ಚಿದರೆ ಒಳಗೆ ಹಳೆಯ ಒಳ್ಳೆಯ ವೈಡೂರ್ಯ ಬಣ್ಣದ ಹರಳುಗಳು. ನನ್ನ ಗಂಡನ ಮೇಲೆ ಏರಿಬರುವ ಧೈರ್ಯವಿದ್ದರೆ ಇವನ್ನು ಗಂಡಸಿನಂತೆ ಧರಿಸು, ಇಲ್ಲದಿದ್ದರೆ ಹೆಂಗಸಿನಂತೆ ತೊಟ್ಟುಕೋ ಎಂದು ಅಣ್ಣ ಅರ್ಥ ಮಾಡಿಕೊಂಡ. ಶಾಂಗ್‌ಶುಂಗ್ ಉಳಿಯಲಿಲ್ಲ. ಇಷ್ಟೆಲ್ಲ ಹೂಡಿದವಳು ಹೆಂಗಸೇ ಎಂಬುದು ಅಣ್ಣನಿಗೆ ಹೊಳೆಯಿತೋ ಇಲ್ಲವೋ.

ಪ್ರಶ್ನೆ: ಇದೆಲ್ಲ ನಡೆಯುವಾಗ ನಮ್ಮ ತುಳುನಾಡಿನಲ್ಲಿ ಯಾರಿದ್ದರು? (ಉದ್ಯಾವರ)

ಉತ್ತರ: ನೀವು ಬರೆದ ಊರೇ ಉತ್ತರ. ಆಳುಪರು. ಸೊಂಗ್‌ಸೆನ್ ಮೊದಲ ದೂತರನ್ನು ಕಳಿಸಿದ 634ರ ಹೊತ್ತಿಗೇ ರವಿಕೀರ್ತಿ ಐಹೊಳೆಯ ಶಾಸನ ಬರೆದ. ಪುಲಿಕೇಶಿಗೆ ಮಣಿದವರ ಸಾಲಿನಲ್ಲಿ ಗಂಗರ ಜೊತೆ ಆಳುಪರನ್ನೂ ಹೆಸರಿಸಿದ. ಆ ಮೇಲೆ ಚಾಲುಕ್ಯರು ನಮ್ಮವರಿಗೆ ಹೆಣ್ಣು ಕೊಟ್ಟರು. ವಿಜಯಾದಿತ್ಯನ ತಂಗಿ ಕುಂಕುಮದೇವಿ ಆಳುಪ ಚಿತ್ರವಾಹನನ ರಾಣಿ. ಅವಳು ಪುಲಿಗೆರೆಯಲ್ಲಿ, ಅಂದರೆ ಲಕ್ಷ್ಮೇಶ್ವರದಲ್ಲಿ, ಜಿನಾಲಯ ಕಟ್ಟಿಸಿದಳು. ಶಿಗ್ಗಾವಿ ತಾಮ್ರಪಟದ ಪ್ರಕಾರ ವಿಜಯಾದಿತ್ಯ ಚಕ್ರವರ್ತಿಯೇ ಚಿತ್ರವಾಹನನನ್ನು ನೋಡಲೆಂದು ಬನವಾಸಿಗೆ ಬಂದು, ಅವನ ಕೋರಿಕೆಯಂತೆ ಆ ಬಸದಿಗೆ ಊರು ದತ್ತಿ ಬಿಟ್ಟ. ಇಸವಿ 707, ಅತ್ತ ಝೊಂಗ್‌ಜೊಂಗ್ ಜಿನ್‌ಚೆಂಗ್‌ಳನ್ನು ಕೊಡಲು ಒಪ್ಪಿದ ವರ್ಷವೇ. ಕುಂಕುಮದೇವಿಯನ್ನು ಹೆಸರು ಹಿಡಿದು ಕರೆಯಲು ನಮಗೆ ಸಾಧ್ಯವಾಗಿದೆ, ವೆನ್‌ಚೆಂಗ್‌ಳ ಮನೆಯ ಹೆಸರು ಅವಳ ಕಡೆಯವರಿಗೇ ಗೊತ್ತಿಲ್ಲ.

ಪ್ರಶ್ನೆ: ಟಿಬೆಟ್ಟಿಗೆ ಚಹಾ ಕೊಂಡುಹೋದದ್ದಾದರೂ ಅವಳೇ ತಾನೆ? ನಮ್ಮ ಹೋಟೆಲಿನ ಗೋಡೆಯಲ್ಲಿ ಬರೆಸುವ ಅಂತ. (ಉಡುಪಿ ರಥಬೀದಿಯ ಓದುಗರು)

ಉತ್ತರ: ಬರೆಸಬೇಡಿ ಮಾರಾಯ್ರೆ, ಪೈಂಟಿನ ದುಡ್ಡು ದಂಡ. ಟಿಬೆಟ್ಟಿನವರ ಕಥೆಯಲ್ಲೇ ಚಹಾ ಬಂದದ್ದು ಸೊಂಗ್‌ಸೆನ್‌ನ ಮರಿಮಗನ ಕಾಲದಲ್ಲಿ. ದೊರೆ ಕಾಯಿಲೆ ಬಿದ್ದಿದ್ದಾಗ ಹಕ್ಕಿಯೊಂದು ಕೊಕ್ಕಿನಲ್ಲಿ ಚಿಗುರಿನ ಕಡ್ಡಿ ತಂದಿತಂತೆ. ಗೋಡೆಗೆ ಬೇಕಾದರೆ ಚೀನಾದವರೇ ಬರೆದಿಟ್ಟ ಇನ್ನೊಂದು ಪ್ರಸಂಗ ಕೊಡುತ್ತೇನೆ. 780ರ ದಶಕದ ಆರಂಭದಲ್ಲಿ ಚಾಂಗ್ ಲು ಎಂಬ ಟಾಂಗ್ ರಾಯಭಾರಿ ಟಿಬೆಟ್ಟಿನಲ್ಲಿ ತನ್ನ ಡೇರೆಯೊಳಗೆ ಚಹಾ ಕುದಿಸುತ್ತಿದ್ದ. ದೊರೆ ಬಂದು ಇದೆಂತದು ಎಂದು ಕೇಳಿದ. ಬೇಸರ ಕಳೆಯುತ್ತದೆ, ಬಾಯಾರಿಕೆ ನೀಗುತ್ತದೆ, ಚಹಾ ಎನ್ನುತ್ತಾರೆ ಎಂದು ರಾಯಭಾರಿ ಪಾಠ ಮಾಡಿದ. ನನ್ನಲ್ಲೂ ಉಂಟು ಎಂದ ದೊರೆ ಆಳುಗಳಿಗೆ ಹೇಳಿ ತರಿಸಿ ಒಂದೊಂದನ್ನೇ ತೋರಿಸಿದ: ಇದು ಶೌಝೌದ್ದು, ಇದು ಶುಝೌದ್ದು, ಇದು ಗುಝುವಿನದ್ದು, ಇದು ಚಿಮೆನ್‌ನದ್ದು.